ಬ್ಲೋವರ್ ನಾಲ್ಕನೇ ವೇಗದಲ್ಲಿ ಮಾತ್ರ ತಿರುಗುತ್ತಿದೆ, ಹೊಸ ರೆಸಿಸ್ಟರ್ ಕೂಡ ಸುಟ್ಟಿದೆ

ಪ್ರಶ್ನೆ (ಮಡಿಕೇರಿಯಿಂದ)

ಎಲ್ಲರಿಗೂ ನಮಸ್ಕಾರ. ನನ್ನದು ಒಂಬತ್ತು ವರ್ಷ ಹಳೆಯ ಡೀಸೆಲ್ ಕಾರು. ಎಸಿ, ಹೀಟರ್ ಗಾಳಿಯನ್ನು ಒಳಗೆ ಊದುವ ಫ್ಯಾನಿಗೆ, ಅಂದರೆ ಬ್ಲೋವರ್‌ಗೆ, ನಾಲ್ಕು ವೇಗಗಳಿವೆ. ಮೇ ತಿಂಗಳಲ್ಲಿ ಮೊದಲ ಮೂರೂ ಒಂದೇ ದಿನ ನಿಂತು, ನಾಲ್ಕನೆಯದು ಮಾತ್ರ ಉಳಿಯಿತು. ಮೆಕ್ಯಾನಿಕ್ ರೆಸಿಸ್ಟರ್ (ಬ್ಲೋವರಿನ ವೇಗ ತಗ್ಗಿಸುವ ಭಾಗ) ಬದಲಿಸಿದ ಮೇಲೆ ಸರಿಯಾಗಿತ್ತಾದರೂ ಐದೇ ವಾರಗಳಲ್ಲಿ ಅದೇ ತೊಂದರೆ ಮರಳಿದೆ. ಬೆಳಗ್ಗೆ ಚಾಲೂ ಮಾಡಿದಾಗ ಡ್ಯಾಶ್‌ಬೋರ್ಡಿನ ಎಡಗಡೆ ಕಿರ್ರೆಂಬ ಸದ್ದೂ ಕೇಳಿಸುತ್ತದೆ. ವಾರಕ್ಕೆರಡು ಬಾರಿ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗುವ ನನಗೆ, ಈ ಮಳೆಯಲ್ಲಿ ಮುಂದಿನ ಗಾಜಿಗೆ ಹಬೆ ಕಟ್ಟಿದರೆ ತಿರುವುಗಳೇ ಕಾಣುವುದಿಲ್ಲ. ಮತ್ತೊಂದು ರೆಸಿಸ್ಟರ್ ಹಾಕಿಸುವುದೇ, ಅಥವಾ ಬೇರೇನಾದರೂ ನೋಡಬೇಕೇ?

ಉತ್ತರ 1 (ಗೋಣಿಕೊಪ್ಪಲಿನಿಂದ)

ದಯವಿಟ್ಟು ಈಗಲೇ ಹೊಸದನ್ನು ಹಾಕಿಸಬೇಡಿ, ಕಾರಣ ಉಳಿದಿದ್ದರೆ ಅದೂ ಸುಡುತ್ತದೆ. ನಾಲ್ಕನೇ ವೇಗದಲ್ಲಿ ವಿದ್ಯುತ್ತು ರೆಸಿಸ್ಟರನ್ನು ಹಾಯದೆ ನೇರವಾಗಿ ಮೋಟಾರಿಗೆ ಹೋಗುತ್ತದೆ, ಉಳಿದ ಮೂರರಲ್ಲಿ ಅದರ ಸುರುಳಿಗಳ ಮೂಲಕ ಹೋಗುತ್ತದೆ. ಒಂದು ಸುರುಳಿ ಮಾತ್ರ ತುಂಡಾಗಿದ್ದರೆ ಒಂದೆರಡು ವೇಗಗಳಷ್ಟೇ ನಿಲ್ಲಬಹುದಿತ್ತು. ಮೂರೂ ಒಟ್ಟಿಗೆ ಹೋಗಿರುವುದರಿಂದ ಅದರಲ್ಲಿರುವ ಶಾಖದ ಫ್ಯೂಸ್ (ಅತಿ ಬಿಸಿಯಾದರೆ ವಿದ್ಯುತ್ತು ಕಡಿಯುವ ತುಂಡು) ಕರಗಿರುವ ಸಾಧ್ಯತೆ ಹೆಚ್ಚು, ಅಂದರೆ ರೆಸಿಸ್ಟರ್ ಅತಿಯಾಗಿ ಕಾದಿದೆ.

ಅದು ಕಾಯಲು ಎರಡು ದಾರಿಗಳಿವೆ. ರೆಸಿಸ್ಟರನ್ನು ಬ್ಲೋವರಿನ ಗಾಳಿ ಹಾಯುವ ಜಾಗದಲ್ಲೇ ಕೂರಿಸಿರುವುದು ಅದು ತಣ್ಣಗಿರಲೆಂದು. ಒಳಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಮುಚ್ಚಿಹೋಗಿದ್ದರೆ ಅಥವಾ ವೈಪರ್ ಕೆಳಗಿನ ಜಾಲರಿಯಿಂದ ತರಗೆಲೆ ಒಳಸೇರಿದ್ದರೆ ಆ ತಂಪು ಸಿಗುವುದಿಲ್ಲ. ನಮ್ಮ ತೋಟಗಳಲ್ಲಿ ಕಾರನ್ನು ಸಿಲ್ವರ್ ಓಕ್ ಮರದಡಿ ನಿಲ್ಲಿಸುವುದು ವಾಡಿಕೆಯಾದ್ದರಿಂದ, ಆ ಸೀಳು ಸೀಳಾದ ಎಲೆಗಳ ಚೂರುಗಳು ಜಾಲರಿಯೊಳಗೆ ಸುಲಭವಾಗಿ ಇಳಿಯುತ್ತವೆ. ಎರಡನೆಯದು, ಮೋಟಾರಿನ ಬುಷ್ (ಅದರ ದಂಡ ತಿರುಗುವ ಉಂಗುರ) ಬಿಗಿಯಾಗಿ ಮೋಟಾರು ಹೆಚ್ಚು ಕರೆಂಟ್ ಎಳೆಯುವುದು. ನಿಮ್ಮ ಕಿರ್ರೆಂಬ ಸದ್ದು ನನಗೆ ಇದನ್ನೇ ಸೂಚಿಸುತ್ತಿದೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಗ್ಲೋವ್ ಬಾಕ್ಸಿನ ಕೆಳಗಿರುವ ಮೋಟಾರನ್ನು ಇಳಿಸಿ, ಫ್ಯಾನನ್ನು ಬೆರಳಿನಿಂದ ತಿರುಗಿಸಿ. ಬೆರಳು ತೆಗೆದ ಮೇಲೂ ಅದು ಕೆಲವು ಸುತ್ತು ತಾನೇ ಹಗುರವಾಗಿ ತಿರುಗಬೇಕು.

ಉತ್ತರ 2 (ಕುಶಾಲನಗರದಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ವಾಹನಗಳ ವೈರಿಂಗ್ ಕೆಲಸ ಮಾಡುವವನಾಗಿ ಒಂದು ವಿಷಯ ಸೇರಿಸುತ್ತೇನೆ: ರೆಸಿಸ್ಟರ್‌ನ ಕಪ್ಲರನ್ನು (ತಂತಿಗಳನ್ನು ಅದಕ್ಕೆ ಜೋಡಿಸುವ ಪ್ಲಗ್ಗನ್ನು) ಕಳಚಿ ನೋಡಿ. ಅದರ ಪ್ಲಾಸ್ಟಿಕ್ ಕಂದಾಗಿದ್ದರೆ ಅಥವಾ ಕರಗಿದ್ದರೆ, ಹೊಸ ರೆಸಿಸ್ಟರ್ ಜೊತೆಗೆ ಹೊಸ ಕಪ್ಲರನ್ನೂ ತಂತಿಯ ತುಂಡಿನೊಡನೆ ಹಾಕಿಸಬೇಕು, ಏಕೆಂದರೆ ಸಡಿಲವಾದ ಪಿನ್ನು ತಾನೇ ಕಾದು ಮತ್ತೆ ಸುಡುತ್ತದೆ. ಶಾಖದ ಫ್ಯೂಸನ್ನು ತಂತಿಯಿಂದ ಜೋಡಿಸಿ ಕೊಡುತ್ತೇವೆಂದು ಯಾರು ಹೇಳಿದರೂ ಒಪ್ಪಬೇಡಿ, ಹಾಗೆಯೇ ಫ್ಯೂಸ್ ಪೆಟ್ಟಿಗೆಯಲ್ಲಿ ಕಂಪನಿ ಬರೆದದ್ದಕ್ಕಿಂತ ದೊಡ್ಡ ಫ್ಯೂಸ್ ಹಾಕಲೂ ಬಿಡಬೇಡಿ. ಡ್ಯಾಶ್‌ಬೋರ್ಡಿನೊಳಗೆ ಬೆಂಕಿ ಹೊತ್ತಿಕೊಳ್ಳುವುದು ಇಂಥದ್ದರಿಂದಲೇ.

ದುರಸ್ತಿಯಾಗುವವರೆಗೆ ಘಾಟಿಯಲ್ಲಿ ನಾಲ್ಕನೇ ವೇಗವನ್ನೇ ಗಾಜಿನ ಕಡೆಗೆ ತಿರುಗಿಸಿ, ಎಸಿ ಚಾಲೂ ಮಾಡಿ, ತಾಪದ ಗುಂಡಿಯನ್ನು ಬಿಸಿಯ ಕಡೆಗೂ ಗಾಳಿಯ ಗುಂಡಿಯನ್ನು ಹೊರಗಿನ ಗಾಳಿಗೂ ಇಡಿ. ಎಸಿ ಗಾಳಿಯ ತೇವವನ್ನು ಹಿಂಡುತ್ತದೆ, ಹೀಟರ್ ಗಾಜನ್ನು ಬೆಚ್ಚಗಿಡುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದ್ದರೆ, ಎಸಿ ಇಲ್ಲದಾಗ, ಉಸಿರಿನ ಮತ್ತು ಒದ್ದೆ ಬಟ್ಟೆಯ ತೇವದಿಂದ ಹಬೆ ಇನ್ನೂ ದಪ್ಪವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಭಾನುವಾರ ಎಲ್ಲವನ್ನೂ ಬಿಚ್ಚಿದೆವು. ಫಿಲ್ಟರ್ ಮೇಲೆ ಒಂದು ಬೊಗಸೆಯಷ್ಟು ಎಲೆಚೂರು ಹಸಿಯಾಗಿ ಅಂಟಿಕೊಂಡಿತ್ತು. ಫ್ಯಾನ್ ಬೆರಳು ತೆಗೆದೊಡನೆ ನಿಲ್ಲುತ್ತಿತ್ತು, ಮೋಟಾರಿನ ಬುಡದಲ್ಲಿ ನೀರಿನ ಕಲೆ ಮತ್ತು ತುಕ್ಕು ಕಂಡವು. ಕಪ್ಲರಿನ ಒಂದು ಪಿನ್ನು ಕಪ್ಪಾಗಿತ್ತು. ಮೋಟಾರ್, ರೆಸಿಸ್ಟರ್, ಕಪ್ಲರ್, ಫಿಲ್ಟರ್ ನಾಲ್ಕನ್ನೂ ಬದಲಿಸಿದ್ದೇವೆ, ಈಗ ನಾಲ್ಕೂ ವೇಗಗಳಿವೆ, ಸದ್ದಿಲ್ಲ. ಆದರೆ ಮೋಟಾರಿಗೆ ನೀರು ಹೇಗೆ ಬಂತು?

ಉತ್ತರ 1 (ಗೋಣಿಕೊಪ್ಪಲಿನಿಂದ)

ವೈಪರ್ ಕೆಳಗಿನ ತೊಟ್ಟಿಯ ನೀರು ಹೊರಹೋಗುವ ರಂಧ್ರವೂ ಅದೇ ಎಲೆಗಳಿಂದ ಮುಚ್ಚಿರಬೇಕು. ನೀರು ತುಂಬಿ ಗಾಳಿಯ ದಾರಿಯಲ್ಲೇ ಒಳಗಿಳಿದಿದೆ. ಜಾಲರಿ ತೆಗೆದು ಎಲೆಯನ್ನು ಕೈಯಿಂದ ಬಳಿದು, ನಿಧಾನವಾಗಿ ಎರಡು ಚೊಂಬು ನೀರು ಸುರಿಯಿರಿ. ಅದು ಮುಂದಿನ ಚಕ್ರದ ಹಿಂಬದಿಯಲ್ಲಿ ನೆಲಕ್ಕೆ ಬೀಳಬೇಕು. ಬೀಳದಿದ್ದರೆ ಹೊಸ ಮೋಟಾರನ್ನು ಮತ್ತೆ ನೆನೆಸುವ ಮೊದಲು ಆ ರಂಧ್ರ ಬಿಡಿಸಿ.