ಬೋಲ್ಟ್ಸ್‌ಮನ್ ಗುಣಕ ಎಕ್ಸ್‌ಪೊನೆನ್ಷಿಯಲ್ ಆಗಿಯೇ ಏಕಿದೆ?

ಪ್ರಶ್ನೆ (ಡೊಂಬಿವಲಿ):
ನಾನು ಟಿ.ವೈ. (ಮೂರನೆಯ ವರ್ಷದ) ಬಿ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿನಿ. ಪಾರ್ಟಿಷನ್ ಫಂಕ್ಷನ್ (ಎಲ್ಲ ಸ್ಥಿತಿಗಳ ಬೋಲ್ಟ್ಸ್‌ಮನ್ ಗುಣಕಗಳ ಮೊತ್ತ) ಬರೆದು ಸರಾಸರಿ ಶಕ್ತಿ ತೆಗೆಯುವ ಲೆಕ್ಕಗಳನ್ನು ಮಾಡಬಲ್ಲೆನಾದರೂ, ಒಂದು ಸ್ಥಿತಿಯ ಸಂಭವನೀಯತೆ ಎಷ್ಟೆಂದು ತೂಗುವ ಈ ಗುಣಕ, ಶಕ್ತಿ ಹೆಚ್ಚಿದಂತೆ ಎಕ್ಸ್‌ಪೊನೆನ್ಷಿಯಲ್ ಆಗಿಯೇ ಏಕೆ ಇಳಿಯಬೇಕೆಂಬುದು ಹೊಳೆದಿಲ್ಲ. ಲಗ್ರಾಂಜ್ ಗುಣಕಗಳಿಂದ (ನಿರ್ಬಂಧಗಳೊಳಗೆ ಗರಿಷ್ಠ ಬೆಲೆ ಹುಡುಕುವ ಗಣಿತ ವಿಧಾನದಿಂದ) ಮಾಡುವ ಅದರ ಸಾಧನೆಯನ್ನು ಕಾಲೇಜಿಗೆ ಹೋಗುವ ಲೋಕಲ್‌ನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡಿದ್ದೇನೆ. ಅದರಿಂದ ಅಂಕ ಬಂದೀತು, ಅರ್ಥವಾಗಲಿಲ್ಲ. ದಯವಿಟ್ಟು ತಿಳಿಸಿಕೊಡಿ.

ಉತ್ತರ (ಪುಣೆ):
ಸಾಧನೆಯನ್ನು ಬದಿಗಿಟ್ಟು ಕೈಯಾರೆ ಎಣಿಸಿ ನೋಡಿ. 1907ರಲ್ಲಿ ಐನ್‌ಸ್ಟೈನ್ ಘನವಸ್ತುವಿಗೆ ಕೊಟ್ಟ ಮಾದರಿಯಂತೆ ಮೂರು ಆಂದೋಲಕಗಳಿಗೆ (ಕಂಪಿಸುವ ಘಟಕಗಳಿಗೆ) ಸಮಾನ ಶಕ್ತಿಯ ಮೂರು ತುಣುಕುಗಳನ್ನು ಹಂಚಿದರೆ ಒಟ್ಟು 10 ವಿಧಗಳಾಗುತ್ತವೆ. ಅವುಗಳಲ್ಲಿ ಮೊದಲನೆಯ ಆಂದೋಲಕಕ್ಕೆ ಏನೂ ಸಿಗದ ವಿಧಗಳು 4, ಒಂದು ತುಣುಕು ಸಿಗುವವು 3, ಎರಡು ಸಿಗುವವು 2, ಮೂರೂ ಸಿಗುವುದು 1. ನಮ್ಮ ಆಂದೋಲಕ ಹೆಚ್ಚು ಇಟ್ಟುಕೊಂಡಷ್ಟೂ ಉಳಿದವು ಹಂಚಿಕೊಳ್ಳುವ ದಾರಿಗಳು ಕಡಿಮೆಯಾಗುತ್ತವೆ. ಇಳಿಕೆಯ ಮೂಲ ಇಷ್ಟೇ. ಈಗ ಉಳಿದವುಗಳನ್ನು 100 ಆಂದೋಲಕಗಳಿಗೆ ಏರಿಸಿ, ಒಟ್ಟು ತುಣುಕುಗಳೂ 100 ಇರಲಿ. ನಮ್ಮದು ಮೊದಲ ತುಣುಕು ತೆಗೆದುಕೊಂಡಾಗ ವಿಧಗಳು 100/199 ಪಟ್ಟಾಗುತ್ತವೆ, ಎರಡನೆಯದಕ್ಕೆ 99/198, ಮೂರನೆಯದಕ್ಕೆ 98/197. ಪ್ರತಿ ಮೆಟ್ಟಿಲಿಗೂ ಹೆಚ್ಚುಕಡಿಮೆ ಅರ್ಧ! ಹೀಗೆ ಒಂದೇ ಅನುಪಾತದಲ್ಲಿ ಇಳಿಯುವುದಕ್ಕೇ ಎಕ್ಸ್‌ಪೊನೆನ್ಷಿಯಲ್ ಎನ್ನುವುದು. ಸುತ್ತಲಿನ ವ್ಯವಸ್ಥೆ ದೊಡ್ಡದಾದಷ್ಟೂ ಈ ಅನುಪಾತ ಸ್ಥಿರವಾಗುತ್ತದೆ, ಏಕೆಂದರೆ ಒಂದೆರಡು ತುಣುಕು ಹೋದದ್ದು ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ಉತ್ತರ (ಮಾಟುಂಗಾ):
ಮೇಲಿನವರ ವಿವರಣೆಗೆ ಒಂದು ಎಚ್ಚರಿಕೆಯನ್ನು ಸೇರಿಸಬೇಕು, ಪರೀಕ್ಷೆಯಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಬೋಲ್ಟ್ಸ್‌ಮನ್ ಗುಣಕ ಒಂದೊಂದು ಸೂಕ್ಷ್ಮಸ್ಥಿತಿಗೆ (ಪೂರ್ತಿ ವಿವರ ಗೊತ್ತಿರುವ ಒಂದೊಂದು ಸ್ಥಿತಿಗೆ) ಸೇರಿದ್ದೇ ಹೊರತು ಶಕ್ತಿಗೆ ಅಲ್ಲ. ಗುಣಕವೊಂದನ್ನೇ ನಂಬಿದರೆ ಗಾಳಿಯ ಅಣುಗಳು ನಿಶ್ಚಲವಾಗಿರುವ ಸಾಧ್ಯತೆಯೇ ಅತಿ ಹೆಚ್ಚು ಎನಿಸುತ್ತದೆ. ಆದರೆ 300 ಕೆಲ್ವಿನ್‌ನಲ್ಲಿ ನೈಟ್ರೋಜನ್ ಅಣುವಿನ ಅತಿ ಸಂಭವನೀಯ ವೇಗ ಸೆಕೆಂಡಿಗೆ ಸುಮಾರು 420 ಮೀಟರ್, ಏಕೆಂದರೆ ವೇಗ ಹೆಚ್ಚಿದಂತೆ ಲಭ್ಯ ಸ್ಥಿತಿಗಳ ಸಂಖ್ಯೆ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಆಂದೋಲಕಗಳನ್ನು 100ರಲ್ಲೇ ಇಟ್ಟು ತುಣುಕುಗಳನ್ನು 200 ಮಾಡಿ ನೋಡಿದೆ; ಮೊದಲ ಅನುಪಾತ 200/299, ಅಂದರೆ ಸುಮಾರು 0.67 ಬಂದಿತು, ಇಳಿಕೆ ನಿಧಾನವಾಯಿತು. ಹಾಗಾದರೆ ಈ ಅನುಪಾತದಲ್ಲಿಯೇ ಉಷ್ಣತೆ ಅಡಗಿದೆಯೇ?

ಉತ್ತರ (ಪುಣೆ):
ಹೌದು, ಸರಿಯಾಗಿ ಹಿಡಿದಿದ್ದೀರಿ. ಅನುಪಾತದ ಸ್ವಾಭಾವಿಕ ಲಾಗರಿದಮ್ ತೆಗೆದು ಚಿಹ್ನೆ ಬದಲಿಸಿದರೆ ಒಂದು ತುಣುಕಿನ ಶಕ್ತಿಯನ್ನು ಕೆಟಿಯಿಂದ (ಬೋಲ್ಟ್ಸ್‌ಮನ್ ಸ್ಥಿರಾಂಕ ಕೆ ಮತ್ತು ಉಷ್ಣತೆ ಟಿಗಳ ಗುಣಲಬ್ಧದಿಂದ) ಭಾಗಿಸಿದ ಬೆಲೆ ಸಿಗುತ್ತದೆ. ಅನುಪಾತ ಅರ್ಧವಿದ್ದಾಗ ಕೆಟಿ ಸುಮಾರು 1.44 ತುಣುಕು, ನಿಮ್ಮ ಲೆಕ್ಕದಲ್ಲಿ ಸುಮಾರು 2.5 ತುಣುಕು.