ಎಸಿ ಒಳಗೆ ಐಸ್ ಕಟ್ಟುತ್ತಿದೆ, ಗ್ಯಾಸ್ ತುಂಬಿಸಲೇಬೇಕಾ?

ಪ್ರಶ್ನೆ:
ನಮ್ಮದು ಬಿಸಿ, ತಂಪು ಎರಡೂ ಕೊಡುವ ಇನ್ವರ್ಟರ್ ಸ್ಪ್ಲಿಟ್ ಎಸಿ, ನಾಲ್ಕು ವರ್ಷದ್ದು. ಒಂದು ವಾರದಿಂದ ಆನ್ ಮಾಡಿದ ಮೊದಲ ಒಂದು ಗಂಟೆ ಚೆನ್ನಾಗಿ ತಂಪಾಗುತ್ತದೆ, ಆಮೇಲೆ ಗಾಳಿ ಕಡಿಮೆಯಾಗುತ್ತಾ ಹೋಗಿ ಗೋಡೆ ಮೇಲೆ ನೀರು ಇಳಿಯುತ್ತದೆ. ನಿನ್ನೆ ರಾತ್ರಿ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡಿದೆ, ಗಾಳಿ ತಂಪು ಮಾಡುವ ಪೈಪಿನ ಜಾಲ ಇದೆಯಲ್ಲ, ಆ ಕಾಯಿಲ್ ಪೂರ್ತಿ ಬೆಳ್ಳಗೆ ಐಸ್. ರಿಪೇರಿಗೆ ಬಂದವರು ಗ್ಯಾಸ್ ಪ್ರೆಶರ್ ಅಳೆಯುವ ಗೇಜ್ ಕೂಡ ಹಾಕದೆ "ಗ್ಯಾಸ್ ಖಾಲಿ, ತುಂಬಿಸಬೇಕು" ಅಂದರು. ನಂಬಬಹುದಾ?

ಉತ್ತರ 1:
ಮೊದಲು ಕೂಲಿಂಗ್ ನಿಲ್ಲಿಸಿ. ಬರೀ ಫ್ಯಾನ್ ಮೋಡ್‌ನಲ್ಲಿ ಬಿಟ್ಟರೆ ಐಸ್ ತಾನಾಗೇ ಕರಗುತ್ತದೆ, ಕೆಳಗೊಂದು ಬಕೆಟ್ ಇಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಕಾಯಿಲ್‌ಗೆ ತೂತು ಬಿದ್ದರೆ ಆಗ ನಿಜವಾಗಿಯೂ ಗ್ಯಾಸ್ ಹೋಗುತ್ತದೆ. ಫಿಲ್ಟರ್ ತೊಳೆದು ಎಷ್ಟು ದಿನ ಆಯ್ತು? ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆ ಕಾಣದಿದ್ದರೆ, ಗಾಳಿ ಸರಿಯಾಗಿ ಹಾಯದೆ ಐಸ್ ಕಟ್ಟಲು ಅದೇ ಕಾರಣ ಇರಬಹುದು.

ಉತ್ತರ 2:
ನಾನು ಇದೇ ಕೆಲಸ ಮಾಡುವವನು. ಗ್ಯಾಸ್ ಅನ್ನೋದು ಗಾಡಿಗೆ ಹಾಕುವ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಪೈಪಿನೊಳಗೆ ಅದೇ ಸುತ್ತುತ್ತಿರುತ್ತದೆ, ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಸಾಮಾನ್ಯವಾಗಿ ಗ್ಯಾಸ್ ಕಡಿಮೆಯಾದಾಗ ಕಾಯಿಲ್‌ನ ಒಂದು ಭಾಗದಲ್ಲಿ ಮಾತ್ರ, ಇಲ್ಲವೇ ಹೊರಗಿನ ಸಣ್ಣ ತಾಮ್ರದ ಪೈಪಿನ ಮೇಲೆ ಐಸ್ ಕಾಣುತ್ತದೆ. ನಿಮ್ಮದು ಪೂರ್ತಿ ಬೆಳ್ಳಗಾಗಿದೆ, ಹಾಗಾಗಿ ನನಗೆ ಗಾಳಿ ಓಡಾಟದ ಮೇಲೇ ಅನುಮಾನ. ಬ್ರೇಕರ್ ಆಫ್ ಮಾಡಿ, ಗಾಳಿ ಬರುವ ಬಾಯಿಯಿಂದ ಬ್ಲೋವರ್ ಚಕ್ರ ನೋಡಿ. ಅದರ ರೆಕ್ಕೆಗಳ ನಡುವೆ ಧೂಳು ತುಂಬಿದ್ದರೆ ಫಿಲ್ಟರ್ ಎಷ್ಟು ತೊಳೆದರೂ ಸುಮ್ನೆ.

ಅಕಸ್ಮಾತ್ ಲೀಕೇ ಇದ್ದರೂ ಬರೀ ಟಾಪ್ ಅಪ್ ಮಾಡಿಸಬೇಡಿ. ಪೈಪ್ ಜೋಡಿಸಿರುವ ನಟ್ ಹತ್ತಿರ ಎಣ್ಣೆ ಜಿಡ್ಡು ಇದೆಯಾ ನೋಡಿಸಿ, ನೈಟ್ರೋಜನ್ ತುಂಬಿ ಪ್ರೆಶರ್ ನಿಲ್ಲುತ್ತದಾ ಪರೀಕ್ಷೆ ಮಾಡಿಸಿ. ಲೀಕ್ ಮುಚ್ಚಿದ ಮೇಲೆ ವ್ಯಾಕ್ಯೂಮ್ ಮಾಡಿ, ಅಂದರೆ ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆದು, ನೇಮ್ ಪ್ಲೇಟ್ ಮೇಲೆ ಬರೆದಿರುವಷ್ಟೇ ಗ್ರಾಂ ತೂಕ ಹಾಕಿ ತುಂಬಬೇಕು. ನಿಮ್ಮ ಎಸಿಯ ಗ್ಯಾಸ್ ಆರ್-32 ಅನ್ನುವ ಬಗೆಯದಾಗಿದ್ದರೆ ಅದು ಬೆಂಕಿ ಹಿಡಿಯುವ ಗ್ಯಾಸ್, ಕೋಣೆಯ ಕಿಟಕಿ ತೆರೆದಿರಲಿ.

ಪ್ರಶ್ನೆ ಕೇಳಿದವರು:
ಫಿಲ್ಟರ್ ಶುಚಿಯಾಗೇ ಇತ್ತು. ಆದರೆ ನೀವು ಹೇಳಿದ ಹಾಗೆ ಟಾರ್ಚ್ ಬಿಟ್ಟು ನೋಡಿದೆ, ಚಕ್ರದ ತುಂಬ ಬೂದು ಬಣ್ಣದ ಧೂಳು, ಹತ್ತಿ ಹಾಸಿದ ಹಾಗೆ! ಬೇರೆಯವರನ್ನು ಕರೆಸಿ ಚಕ್ರ, ಕಾಯಿಲ್ ಎರಡನ್ನೂ ತೊಳೆಸಿದೆ. ಡ್ರೈನ್ ಪೈಪಿನಿಂದ ಲೋಳೆ ಕೂಡ ಬಂತು. ಇವತ್ತು ನಾಲ್ಕು ಗಂಟೆ ಓಡಿಸಿದರೂ ಐಸ್ ಇಲ್ಲ, ಒಂದು ಹನಿ ನೀರೂ ಇಲ್ಲ. ತುಂಬಾ ಥ್ಯಾಂಕ್ಸ್. ಇನ್ನೊಂದು ವಿಷಯ: ಚಳಿಗಾಲದಲ್ಲಿ ಹೀಟಿಂಗ್ ಹಾಕಿದಾಗ ಹೊರಗಿನ ಯೂನಿಟ್ ಮೇಲೂ ಐಸ್ ಬರುತ್ತಲ್ವಾ, ಅದೂ ಇದೇ ತೊಂದರೆನಾ?

ಉತ್ತರ 2:
ಒಳ್ಳೆಯದಾಯ್ತು. ಅದು ಬೇರೆ. ಹೀಟಿಂಗ್‌ನಲ್ಲಿ ಹೊರಗಿನ ಕಾಯಿಲ್ ತಣ್ಣಗಾಗುವುದರಿಂದ ತೆಳ್ಳಗೆ ಐಸ್ ಬರುವುದು ಸಹಜ. ನಡುನಡುವೆ ಕೆಲವು ನಿಮಿಷ ಬಿಸಿಗಾಳಿ ನಿಲ್ಲಿಸಿ ಮೆಷಿನ್ನೇ ಕರಗಿಸಿಕೊಳ್ಳುತ್ತದೆ, ಆಗ ಹೊರಗೆ ಹಬೆ ಎದ್ದರೆ ಗಾಬರಿಯಾಗಿ ಆಫ್ ಮಾಡಬೇಡಿ. ಗಂಟೆಗಟ್ಟಲೆ ಆದರೂ ಐಸ್ ಕರಗದೆ ದಪ್ಪವಾಗುತ್ತಲೇ ಹೋದರೆ ಮಾತ್ರ ಯಾರಿಗಾದರೂ ತೋರಿಸಿ.