ಸಹಾಯ ಬೇಕು: ಉಡುಪಿ ಕಡೆ ರಾತ್ರಿ ನಾಯಿ ನೋಡುವ ಡಾಕ್ಟರ್ ಇದ್ದಾರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬ್ರಹ್ಮಾವರದ ಹತ್ತಿರ. ನಮ್ಮ ಕಾಳುವಿಗೆ (ಊರ ನಾಯಿಯೇ) ಉಣ್ಣಿ ಜ್ವರ. ಬೂತಾಯಿ ಸಾರು ಕಲಸಿದ ಅನ್ನ ಎದುರಿಗಿಟ್ಟರೂ ಮುಖ ತಿರುಗಿಸ್ತಾನೆ, ವಸಡು ಬಿಳಚಿಕೊಂಡಿದೆ, ನಿನ್ನೆಯಿಂದ ಮೂಗಲ್ಲಿ ಸ್ವಲ್ಪ ರಕ್ತವೂ ಬರ್ತಿದೆ.

ಮೊದಲು ಹೋದ ಕ್ಲಿನಿಕ್‌ನಲ್ಲಿ ರಕ್ತ ಪರೀಕ್ಷೆ ಮಾಡದೆ ಇಂಜೆಕ್ಷನ್ ಚುಚ್ಚಿ ಕಳಿಸಿದ್ರು. ಬಿಲ್ ಮಾತ್ರ ಸರಿಯಾಗಿಯೇ ಆಯ್ತು! ಇನ್ನೊಬ್ಬ ಡಾಕ್ಟರ್ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ತುಂಬಾ ಇಳಿದಿದೆ ಅಂತ ಡಾಕ್ಸಿಸೈಕ್ಲಿನ್ ಶುರು ಮಾಡಿದ್ದಾರೆ, 28 ದಿನದ ಕೋರ್ಸ್. ಒಳ್ಳೆಯವರು, ಆದರೆ ಸಂಜೆ ಮೇಲೆ ಸಿಗುವುದಿಲ್ಲ. ರಾತ್ರಿ ರಕ್ತ ಜಾಸ್ತಿಯಾದರೆ ಎಲ್ಲಿಗೆ ಓಡುವುದು ಅಂತಲೇ ಹೆದರಿಕೆ.

ಉಡುಪಿ, ಮಣಿಪಾಲ, ಆಗದಿದ್ದರೆ ಮಂಗಳೂರಲ್ಲಾದರೂ ರಾತ್ರಿ ಫೋನ್ ಎತ್ತುವವರು, ಡ್ರಿಪ್ ಹಾಕುವವರು ಯಾರಾದರೂ ಗೊತ್ತಿದ್ದರೆ ಹೇಳಿ ಮಾರಾಯ್ರೇ. ನೀವೇ ಹೋಗಿ ಬಂದ ಜಾಗ ಆದರೆ ಒಳ್ಳೆಯದು, ಗೂಗಲ್ ಸ್ಟಾರ್ ನಂಬಿ ಸಾಕಾಗಿದೆ. ನಾಯಿಗೆ ರಕ್ತ ಕೊಡಿಸುವ ವ್ಯವಸ್ಥೆ ಈ ಕಡೆ ಇದೆಯಾ? ದೊಡ್ಡ, ಆರೋಗ್ಯವಾಗಿರುವ ನಾಯಿ ಸಾಕಿದವರು ಅಗತ್ಯ ಬಿದ್ದರೆ ಬರ್ತೀರಾ?

ಜ್ವರಕ್ಕೆ ಡೋಲೋ ಕೊಡಿ ಅಂತ ಮಾತ್ರ ಯಾರೂ ಬರೆಯಬೇಡಿ. ಪ್ಯಾರಸಿಟಮಾಲ್ ನಾಯಿಯ ಲಿವರ್ ಹಾಳು ಮಾಡಬಹುದು. ನಾಯಿ ಹತ್ತಿಸಿಕೊಳ್ಳುವ ರಿಕ್ಷಾದವರು ಗೊತ್ತಿದ್ದರೂ ಇನ್‌ಬಾಕ್ಸ್ ಮಾಡಿ.